ವಯನಾಡಿನ ಕನ್ನಡ ಜೈನರು: ಮರೆತ ಚರಿತ್ರೆ ಬರೆಯಹೊರಟವರಿಗೆ ಒಂದು ಕೈಪಿಡಿ

ಗುಂಡ್ಲುಪೇಟೆಯಿಂದ ಹೊರಟು ಬಂಡೀಪುರದ ಕಾಡು ದಾಟಿ, ಮುತ್ತಂಗದ ಚೆಕ್‌ಪೋಸ್ಟ್ ಹಿಂದೆ ಬಿಟ್ಟರೆ ಸಿಗುವ ದೊಡ್ಡ ಪೇಟೆ ಸುಲ್ತಾನ್ ಬತ್ತೇರಿ. ಕೋಳಿಕ್ಕೋಡು–ಕೊಳ್ಳೇಗಾಲ ಹೆದ್ದಾರಿಯಲ್ಲಿ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಇಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಬೀಳುವುದರೊಳಗೆ ವಾಪಸು ದಾಟಬೇಕೆಂಬ ಅವಸರ ಬೇರೆ. ಆದರೆ ಈ ಪೇಟೆಯಲ್ಲೇ ಹಳೆಯ ಕರಿಕಲ್ಲಿನ ಒಂದು ಬಸದಿ ಇದೆ. ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಸಂರಕ್ಷಿಸಿದೆ. ಅದರ ಇನ್ನೊಂದು ಹೆಸರು ಕಿಡಙನಾಡು ಬಸ್ತಿ. ಮಲಯಾಳದ ಊರಿನಲ್ಲಿ ಜೈನ ದೇವಾಲಯಕ್ಕೆ 'ಬಸ್ತಿ' ಎಂಬ ಹೆಸರು ಹೇಗೆ ಉಳಿಯಿತು ಎಂದು ಕೇಳಿಕೊಂಡರೆ, ಈ ಬರಹದ ವಿಷಯ ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಸಮುದಾಯದ ಚರಿತ್ರೆಯನ್ನು ಬರೆದಿಡಬೇಕು, ಎಲ್ಲಿಂದ ಪ್ರಾರಂಭಿಸುವುದು, ಯಾರನ್ನು ಕೇಳುವುದು ಎಂದು ಗಡಿನಾಡಿನ ಬೇರೆ ಬೇರೆ ಕಡೆಯ ಬಂಧುಗಳು ನಮ್ಮನ್ನು ಕೇಳುವುದುಂಟು. ಎಲ್ಲರಿಗೂ ಒಂದೇ ಉತ್ತರ ಹೇಳಲಾಗದು. ಆದ್ದರಿಂದ ಒಂದೇ ಒಂದು ಸಣ್ಣ ಸಮುದಾಯವನ್ನು ಎದುರಿಗಿಟ್ಟುಕೊಂಡು, ಅದರ ಹಿಂದಣದನ್ನು ಹುಡುಕುವ ಬರಹಗಾರ ಎಲ್ಲೆಲ್ಲಿ ತಡಕಾಡಬೇಕು, ಎಲ್ಲಿ ಎಡವುತ್ತಾನೆ ಎಂಬುದನ್ನು ಇಲ್ಲಿ ಕೊಡುತ್ತಿದ್ದೇವೆ. ವಯನಾಡಿನ ಜೈನರನ್ನು ಆರಿಸಿಕೊಳ್ಳಲು ಕಾರಣ ಇದೆ. 2011ರ ಜನಗಣತಿಯಲ್ಲಿ ಇಡೀ ಕೇರಳದ ಜೈನರ ಸಂಖ್ಯೆ ಸುಮಾರು ನಾಲ್ಕೂವರೆ ಸಾವಿರ ಮಾತ್ರ. ಅದರಲ್ಲೂ ವ್ಯಾಪಾರಕ್ಕಾಗಿ ಕೊಚ್ಚಿ, ಕೋಳಿಕ್ಕೋಡುಗಳಿಗೆ ಬಂದು ನೆಲೆಸಿದ ಗುಜರಾತಿಗಳನ್ನು ಬಿಟ್ಟರೆ ಉಳಿಯುವವರು ಕೆಲವೇ ಸಾವಿರ. ಅವರಲ್ಲಿ ಗೌಡರ್ ಎಂಬ ಕುಲನಾಮದ ವಯನಾಡಿನ ದಿಗಂಬರ ಜೈನರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಇಟ್ಟುಕೊಂಡವರು. ಕಲ್ಪೆಟ್ಟ, ಪನಮರಂ, ಮಾನಂತವಾಡಿ, ಬತ್ತೇರಿ ಸುತ್ತ ಅವರ ಮನೆಗಳಿವೆ. ಕಾಫಿ, ಮೆಣಸು, ಭತ್ತ ಅವರ ಬದುಕು.

ಬಯಲ್ನಾಡು ಎಂಬ ಹೆಸರು

ಮೊದಲ ಸುಳಿವು ಹೆಸರಿನಲ್ಲೇ ಇದೆ. ಮೈಸೂರು ಸೀಮೆಯ ಕನ್ನಡ ಶಾಸನಗಳಲ್ಲಿ ಈ ನಾಡಿನ ಹೆಸರು ಬಯಲ್ನಾಡು. ವೀರ ಬಯಲ್ನಾಡು, ಚಾಗಿ ಬಯಲ್ನಾಡು ಎಂದು ಎರಡು ಭಾಗಗಳಿದ್ದವು. ಕದಂಬರ ಒಂದು ಕವಲು ಇಲ್ಲಿ ಆಳುತ್ತಿತ್ತು. ಕನ್ನಡದ ಬಕಾರ ಮಲಯಾಳದಲ್ಲಿ ವಕಾರ. ಅವರ 'ವಯಲ್' ಎಂದರೆ ಗದ್ದೆ, ನಮ್ಮ 'ಬಯಲು' ತೆರೆದ ನೆಲ. ಎರಡೂ ಒಂದೇ ಬೇರಿನ ಮಾತು. ಆದ್ದರಿಂದ ಶಾಸನದಲ್ಲಿ ಬಯಲ್ನಾಡು ಎಂದಿದೆ ಎಂಬಷ್ಟಕ್ಕೇ ನಾಡೆಲ್ಲ ಕನ್ನಡದ್ದಾಗಿತ್ತು ಎಂದು ಯಾರೂ ಕುಣಿಯಬೇಕಾಗಿಲ್ಲ. ಶಾಸನ ಬರೆಸಿದ ಆಳ್ವಿಕೆಯ ಭಾಷೆ ಕನ್ನಡ ಎಂದು ಮಾತ್ರ ಅದು ಹೇಳುತ್ತದೆ.

ಬತ್ತೇರಿಗೆ ಹಿಂದೆ 'ಹನ್ನೆರಡು ಬೀದಿ' ಎಂಬ ಹೆಸರಿತ್ತೆಂದು ಹೇಳುತ್ತಾರೆ. ಗಣಪತಿವಟ್ಟಂ ಎಂಬ ಹೆಸರೂ ಇತ್ತು. ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಕೋಠಿಯಾಗಿ ಬಳಸಿದ ಮೇಲೆ ಇಂಗ್ಲಿಷರ ಬಾಯಲ್ಲಿ ಅದು ಸುಲ್ತಾನನ ಬ್ಯಾಟರಿಯಾಯಿತು, ನಮ್ಮ ಬಾಯಲ್ಲಿ ಬತ್ತೇರಿ. ಹೀಗೆ ಒಂದೇ ಊರು ಮೂರು ಹೆಸರಿನಲ್ಲಿ ದಾಖಲೆಗಳಲ್ಲಿ ಬರುತ್ತದೆ. ಕಚೇರಿಯಲ್ಲಿ ಕಡತ ಕೇಳುವಾಗ ಇದು ನೆನಪಿರಬೇಕು; 'ಸುಲ್ತಾನ್ ಬತ್ತೇರಿ' ಎಂದು ಮಾತ್ರ ಕೇಳಿದರೆ ಹಳೆಯದು ಯಾವುದೂ ಸಿಗುವುದಿಲ್ಲ.

ಇನ್ನು ಶಾಸನಗಳ ಮಾತು. ವಯನಾಡಿನ ಚರಿತ್ರೆಗೆ ವಯನಾಡಿನ ಆಚೆಯ ಶಾಸನಗಳೇ ಹೆಚ್ಚು ಬೆಳಕು ಕೊಡುತ್ತವೆ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ (1898) ಚಾಮರಾಜನಗರ, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ತಾಲೂಕುಗಳ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದರ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸಿದೆ. ಅಲ್ಲಿ ಓದಲೇಬೇಕಾದದ್ದು ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಜೈನ. ಅವನು ತೋದರನ್ನು ಬೆದರಿಸಿದ್ದು, ಮಲೆಯಾಳರನ್ನು ಸೋಲಿಸಿದ್ದು, ನೀಲಗಿರಿಯನ್ನು ಹೊಕ್ಕದ್ದು ಅದರಲ್ಲಿದೆ. ಚಾಮರಾಜನಗರದ ಹಳೆಯ ಹೆಸರು ಅರಕೊಠಾರ. ಅಲ್ಲಿ ಬಸದಿ ಕಟ್ಟಿಸಿದ ಜೈನ ಸೇನಾನಿಯ ದಂಡು ಘಟ್ಟದ ಅಂಚಿನವರೆಗೆ ಬಂದಿತ್ತೆಂದರೆ, ಆ ದಾರಿಯಲ್ಲಿ ಜೈನ ಒಕ್ಕಲುಗಳೂ ಬಂದಿರಬಹುದು ಎಂದು ಊಹಿಸಲು ಅವಕಾಶವಿದೆ. ಊಹೆ ಎಂದೇ ಬರೆಯಬೇಕು. ಇಂದಿನ ಯಾವ ಮನೆತನವನ್ನೂ ಪುಣಿಸಮಯ್ಯನ ದಂಡಿಗೆ ಗಂಟು ಹಾಕಲು ಈ ಶಾಸನ ಸಾಲದು.

ಕಲ್ಲು ಹೇಳುವುದು, ಜನ ಹೇಳುವುದು

ಪನಮರಂ ಹತ್ತಿರದ ಪುಂಚವಯಲಿನಲ್ಲಿ ಎರಡು ಪಾಳುಗುಡಿಗಳಿವೆ. ಕೆತ್ತನೆಯ ಕಂಬಗಳು, ಕಾಫಿ ತೋಟ, ನಡುವೆ ಕಾಲುದಾರಿ. ಅವುಗಳ ಹೆಸರು ವಿಷ್ಣುಗುಡಿ, ಜನಾರ್ದನಗುಡಿ. ಸುತ್ತಲಿನವರನ್ನು ಕೇಳಿದರೆ ಜೈನರದ್ದು ಎನ್ನುತ್ತಾರೆ, ಪ್ರವಾಸಿ ಪುಸ್ತಕಗಳೂ ಹಾಗೆಯೇ ಬರೆಯುತ್ತವೆ. ಹೆಸರು ಮಾತ್ರ ವೈಷ್ಣವ! ಸ್ಥಳೀಯ ಚರಿತ್ರೆಕಾರ ಎಡವುವ ಮೊದಲ ಜಾಗ ಇದು. ಜೈನರ ಪಟ್ಟಿಗೆ ಎರಡು ಗುಡಿ ಸೇರಿಸಿಬಿಡುವ ಆಸೆ ನಮಗೂ ಇದೆ. ಆದರೆ ಕಂಬದ ಪ್ರತಿಯೊಂದು ಮುಖದ ಉಬ್ಬುಚಿತ್ರವನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಂಡು, ಬಾಗಿಲವಾಡದ ಲಲಾಟದಲ್ಲಿ ಕುಳಿತಿರುವುದು ಜಿನನೋ ಗಜಲಕ್ಷ್ಮಿಯೋ ಎಂದು ನೋಡದೆ ತೀರ್ಮಾನ ಬರೆಯಬಾರದು. ಗುಡಿಗಳು ಕೈ ಬದಲಾಯಿಸಿದ್ದೂ ಉಂಟು. ಒಂದೇ ಗುಡಿ ಒಂದು ಕಾಲಕ್ಕೆ ಒಬ್ಬರದು, ಇನ್ನೊಂದು ಕಾಲಕ್ಕೆ ಇನ್ನೊಬ್ಬರದು.

ತೋಟಗಳಲ್ಲಿ, ಗದ್ದೆಯ ಬದುವಿನಲ್ಲಿ ನಿಂತ ಕಲ್ಲುಗಳನ್ನು ನೋಡುವಾಗ ಒಂದು ಗುರುತು ತಿಳಿದಿರಲಿ. ಬಿಲ್ಲು, ಕತ್ತಿ, ದನಗಳ ಸಾಲು ಇದ್ದರೆ ವೀರಗಲ್ಲು. ಪೀಠದ ಮೇಲೆ ಪುಸ್ತಕವಿಟ್ಟುಕೊಂಡ ಗುರು, ಎದುರಿಗೆ ಕೈಮುಗಿದು ಕೂತ ವ್ಯಕ್ತಿ, ಮೇಲೆ ಜಿನಬಿಂಬ ಇದ್ದರೆ ಅದು ನಿಸಿಧಿಗಲ್ಲು, ಸಲ್ಲೇಖನದಿಂದ ಮುಡಿಪಿದವರ ನೆನಪು. ಒಂದು ನಿಸಿಧಿಗಲ್ಲು ಸಿಕ್ಕರೂ ಅಲ್ಲಿ ಜೈನ ಕುಟುಂಬಗಳು ಬಾಳಿ ಸತ್ತಿದ್ದವು ಎಂಬುದಕ್ಕೆ ಅದು ಗುಡಿಗಿಂತ ಗಟ್ಟಿ ಸಾಕ್ಷಿ. ಗುಡಿಯನ್ನು ಹಾದುಹೋಗುವ ಶೆಟ್ಟಿಯೂ ಕಟ್ಟಿಸಬಹುದು. ಎಡಕ್ಕಲ್ಲಿನ ಗುಹೆಯನ್ನೂ ಈ ಕತೆಯೊಳಗೆ ಎಳೆದು ತರುವವರಿದ್ದಾರೆ. ಅಲ್ಲಿನ ರೇಖೆಗಳ ಕಾಲವೇ ಬೇರೆ, ಆ ಗುಹೆಯನ್ನು ಅದರ ಪಾಡಿಗೆ ಬಿಡುವುದು ಲೇಸು.

ಪಾಳುಬಿದ್ದುದಕ್ಕೆ ಕಾರಣ ಕೇಳಿದರೆ ಊರಲ್ಲಿ ಸಿಗುವ ಉತ್ತರ ಒಂದೇ: ಟಿಪ್ಪು. ಬತ್ತೇರಿಯ ಬಸದಿಯಲ್ಲಿ ಮದ್ದುಗುಂಡು ಇಟ್ಟದ್ದು ಹೌದು. ಆದರೆ 1766ರಿಂದ 1799ರವರೆಗಿನ ಮೈಸೂರಿನ ಕಾಲದ ನಂತರವೂ ವಯನಾಡು ತಣ್ಣಗಿರಲಿಲ್ಲ. ಪಳಶ್ಶಿರಾಜನ ಹೋರಾಟದಲ್ಲಿ 1802ರಲ್ಲಿ ಪನಮರಂ ಕೋಟೆಯ ಮೇಲೆ ಎಡಚ್ಚೇನ ಕುಙನ್ ಮತ್ತು ತಲಯ್ಕಲ್ ಚಂದು ದಾಳಿ ಮಾಡಿದರು; 1805ರ ನವೆಂಬರ್ 30ರಂದು ರಾಜ ಸತ್ತ. ಅಷ್ಟು ವರ್ಷ ದಂಡು ಓಡಾಡಿದ ನಾಡಿನಲ್ಲಿ ವ್ಯಾಪಾರದ ದಾರಿ ಉಳಿಯುವುದು ಕಷ್ಟ. ಮಲೇರಿಯಾದ ಜ್ವರವಂತೂ ವಯನಾಡಿನ ಇನ್ನೊಂದು ಹೆಸರೇ ಆಗಿತ್ತು. ಒಂದು ಬಸದಿ ಖಾಲಿಯಾಗಲು ಸುಲ್ತಾನನೇ ಬರಬೇಕಿಲ್ಲ. ನಾಲ್ಕು ಮನೆಯವರು ಜ್ವರಕ್ಕೆ ಹೆದರಿ ಊರು ಬಿಟ್ಟರೂ ಸಾಕು. ಈ ಕಾರಣಗಳಲ್ಲಿ ಯಾವುದು ಯಾವ ಗುಡಿಗೆ ಎಂದು ಒಂದೊಂದಾಗಿ ನೋಡಬೇಕು.

ನಮಗಿಂತ ಮುಂಚೆ ಹುಡುಕಿದವರು

ಇಂಥ ಕೆಲಸ ಹೊಸದೇನಲ್ಲ. ಇನ್ನೂರು ವರ್ಷದ ಹಿಂದೆ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಅಳತೆ ಮಾಡಿಸುತ್ತ ಕೈಫಿಯತ್ತು, ಶಾಸನ, ಓಲೆ ಸಂಗ್ರಹಿಸಿದಾಗ, ಜೈನರ ವಿಷಯಕ್ಕೆ ಅವನಿಗೆ ನೆರವಾದವರಲ್ಲಿ ಮಲೆಯೂರಿನ ಧರ್ಮಯ್ಯ ಒಬ್ಬ. ಅದೇ ಕನಕಗಿರಿ ಮಲೆಯೂರಿನ ದೇವಚಂದ್ರ ಮುಂದೆ ಕನ್ನಡದಲ್ಲಿ 'ರಾಜಾವಳಿ ಕಥೆ' ಬರೆದ. ಮಲೆಯೂರು ಚಾಮರಾಜನಗರ ಸೀಮೆಯದು, ವಯನಾಡಿನ ಗಡಿಯಿಂದ ತೀರ ದೂರವೇನಲ್ಲ. ದೇವಚಂದ್ರನ ಪುಸ್ತಕದಲ್ಲಿ ಪುರಾಣ, ರಾಜವಂಶ, ಕಂಡದ್ದು, ಕೇಳಿದ್ದು ಎಲ್ಲ ಒಂದೇ ಪಾಕದಲ್ಲಿ ಬೆರೆತಿವೆ. ಇಂದಿನ ಅಳತೆಗೋಲಿನಲ್ಲಿ ಅದು ಚರಿತ್ರೆಯಲ್ಲ ಎನ್ನುವವರಿದ್ದಾರೆ. ಆದರೂ ತನ್ನ ಸಣ್ಣ ಸಮುದಾಯದ ನೆನಪು ಕರಗುವ ಮೊದಲು ಕೂತು ಬರೆದವನು ಅವನು. ಅವನ ಪುಸ್ತಕದಿಂದ ರಾಜರ ತೇದಿ ತೆಗೆಯಲು ಹೋಗಬಾರದು. ತನ್ನ ಕಾಲದ ಜೈನರು ತಮ್ಮ ಹಿಂದಣದನ್ನು ಹೇಗೆ ಹೇಳಿಕೊಳ್ಳುತ್ತಿದ್ದರು ಎಂಬುದಕ್ಕೆ ಓದಿದರೆ ಬಂಗಾರ.

ಮಲಬಾರಿನ ಕಡೆಯಿಂದ ಬಂದ ಪುಸ್ತಕಗಳಲ್ಲಿ ವಿಲಿಯಂ ಲೋಗನ್‌ನ 'ಮಲಬಾರ್ ಮ್ಯಾನ್ಯುಅಲ್' (1887) ಎಲ್ಲರಿಗೂ ಗೊತ್ತು. ಅದಕ್ಕಿಂತ ಕಡಿಮೆ ಜನ ಓದಿರುವುದು ರಾವ್ ಬಹದ್ದೂರ್ ಸಿ. ಗೋಪಾಲನ್ ನಾಯರ್ 1911ರಲ್ಲಿ ವಯನಾಡಿನ ಜನ ಮತ್ತು ಅವರ ಐತಿಹ್ಯಗಳ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ಅವರು ಡೆಪ್ಯುಟಿ ಕಲೆಕ್ಟರ್ ಆಗಿದ್ದವರು. ಇಂಥ ಪುಸ್ತಕಗಳನ್ನು ಓದುವಾಗ ಅಧಿಕಾರಿಯ ಕಣ್ಣಿಗೆ ಏನು ಬಿತ್ತು, ಏನು ಬೀಳಲಿಲ್ಲ ಎಂದು ನೋಡುತ್ತ ಹೋಗಬೇಕು. ಕಂದಾಯ ಕಟ್ಟುವವನು ಬೀಳುತ್ತಾನೆ, ಅವನ ಮನೆಯ ಭಾಷೆ ಬೀಳುವುದಿಲ್ಲ.

ಸಮುದಾಯದೊಳಗಿಂದ ಬಂದ ಬರಹಗಾರರಲ್ಲಿ ಹೆಸರಾದವರು ಕಲ್ಪೆಟ್ಟದ ಎಂ.ಪಿ. ವೀರೇಂದ್ರಕುಮಾರ್ (1936–2020). 'ಮಾತೃಭೂಮಿ' ಪತ್ರಿಕೆಯನ್ನು ನಡೆಸಿದವರು, ಸಂಸದರು. 'ಹೈಮವತಭೂವಿಲ್' ಪ್ರವಾಸ ಕಥನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ತಂದೆ ಪದ್ಮಪ್ರಭ ಗೌಡರ್ ಹೆಸರಿನಲ್ಲಿ ಮಲಯಾಳ ಸಾಹಿತ್ಯಕ್ಕೆ ಪುರಸ್ಕಾರವಿದೆ. 1957ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೆ ಗೆದ್ದ ಎಂ.ಕೆ. ಜಿನಚಂದ್ರನ್ ಕೂಡ ಇದೇ ಸಮುದಾಯದವರು. ವೀರೇಂದ್ರಕುಮಾರ್ ಬರೆದದ್ದೆಲ್ಲ ಮಲಯಾಳದಲ್ಲಿ. ಇದನ್ನು ದೂರಾಗಿ ಹೇಳುತ್ತಿಲ್ಲ. ಶಾಲೆಯ ಭಾಷೆ, ಪತ್ರಿಕೆಯ ಭಾಷೆ, ಪೇಟೆಯ ಭಾಷೆ ಮಲಯಾಳವಾದಾಗ ಬರಹದ ಭಾಷೆಯೂ ಅದೇ ಆಗುವುದು ಸಹಜ. ಕಾಸರಗೋಡಿನಲ್ಲಾದರೆ ಕನ್ನಡ ಶಾಲೆಗಳಿವೆ. ವಯನಾಡಿನಲ್ಲಿ ಮನೆಗನ್ನಡಕ್ಕೆ ಮನೆಯೊಂದೇ ಆಸರೆ. ಹೀಗಾಗಿ ಅಜ್ಜ ಕನ್ನಡದಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಮೊಮ್ಮಗ ಓದಲಾರ. ಓದಲಾರದ ಕಾಗದವನ್ನು ಯಾರೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.

ಮನೆಯ ಅಟ್ಟ

ನಮ್ಮ ಅನುಭವದಲ್ಲಿ ಕಚೇರಿಗಿಂತ ಅಟ್ಟದಲ್ಲೇ ಹೆಚ್ಚು ಸಿಗುತ್ತದೆ. ಓಲೆಗರಿ, ಕಡತ, ಜಾತಕ, ಮದುವೆಯ ಉಡುಗೊರೆ ಬರೆದ ಪುಸ್ತಕ, ಕಾಫಿ ಮಾರಿದ ಚೀಟಿ, ಶ್ರವಣಬೆಳಗೊಳಕ್ಕೆ ಹೋಗಿಬಂದ ಫೋಟೋ. ಜೈನ ಮನೆಗಳಲ್ಲಿ ಒಂದು ಅನುಕೂಲವಿದೆ. ಶಾಸ್ತ್ರದಾನ ಎಂದರೆ ಗ್ರಂಥದ ಪ್ರತಿ ಬರೆಸಿ ಕೊಡುವುದು ಅವರಲ್ಲಿ ಪುಣ್ಯದ ಕೆಲಸ. ಅತ್ತಿಮಬ್ಬೆಯ ಕಾಲದಿಂದ ನಡೆದುಬಂದದ್ದು. ಇಂಥ ಪ್ರತಿಗಳ ಕೊನೆಯಲ್ಲಿ ಬರೆದವನ ಹೆಸರು, ಬರೆಸಿದವರ ಹೆಸರು, ಊರು, ಸಂವತ್ಸರ, ತಿಥಿ ಇರುವುದುಂಟು. ಗ್ರಂಥ ಎಲ್ಲರಿಗೂ ಗೊತ್ತಿರುವ ಪುರಾಣವೇ ಇರಬಹುದು, ಮೊದಲ ನೂರು ಗರಿ ಓದಬೇಕಾಗಿಯೇ ಇಲ್ಲ. ಕೊನೆಯ ಗರಿಯನ್ನು ಮೊದಲು ನೋಡಿ. ನೋಂಪಿಯ ಕತೆಗಳ ಕಟ್ಟುಗಳನ್ನೂ ಬಿಡಬೇಡಿ. ವ್ರತದ ದಿನ ಓದುವ ಪುಸ್ತಕವಾದ್ದರಿಂದ ಅವು ಹೆಂಗಸರ ಕೈಯಲ್ಲಿ ಉಳಿದಿರುತ್ತವೆ, ಗಂಡಸರನ್ನು ಕೇಳಿದರೆ ಮನೆಯಲ್ಲಿ ಏನೂ ಇಲ್ಲ ಎಂದುಬಿಡುತ್ತಾರೆ. ಪುಳಿಯಾರ್‌ಮಲೆ, ವರದೂರು ಎರಡೂ ಕಡೆ ಬಸದಿ ಅನಂತನಾಥನದು. ಅನಂತನ ನೋಂಪಿಗೂ ಅದಕ್ಕೂ ಏನಾದರೂ ನಂಟಿದೆಯೇ ಎಂದು ಮನೆಯ ಹಿರಿಯ ಹೆಂಗಸರನ್ನೇ ಕೇಳಬೇಕು.

ನಮ್ಮದೊಂದು ತಪ್ಪು ಹೇಳಿಬಿಡುತ್ತೇವೆ, ನೀವು ಮಾಡಬೇಡಿ. ಒಂದು ಮನೆಯಲ್ಲಿ ಓಲೆಯ ಕಟ್ಟು ಕೊಟ್ಟಾಗ ಹುರುಪಿನಲ್ಲಿ ದಾರ ಬಿಚ್ಚಿ, ಬಿಸಿಲಿಗೆ ಹರಡಿ, ಫೋಟೋ ತೆಗೆಯತೊಡಗಿದೆವು. ಗರಿಗಳಿಗೆ ಸಂಖ್ಯೆ ಹಾಕಿರಲಿಲ್ಲ. ಗಾಳಿ ಬೀಸಿತು. ಎರಡು ಬೇರೆ ಬೇರೆ ಗ್ರಂಥಗಳ ಗರಿ ಕಲೆತುಹೋಗಿ, ಸರಿಯಾಗಿ ಜೋಡಿಸಿ ಕೊಡಲು ನಮಗೆ ಮೂರು ಭಾನುವಾರ ಹಿಡಿಯಿತು. ಒಂದು ಗರಿ ಮುರಿದೇ ಹೋಯಿತು. ಆ ಮನೆಯ ಅಜ್ಜಿ ಒಂದು ಮಾತೂ ಆಡಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಅಂದಿನಿಂದ ಕಟ್ಟನ್ನು ಬಿಚ್ಚದೆ, ದಾರದ ಮೇಲೆಯೇ ಒಂದೊಂದು ಗರಿ ಜರುಗಿಸಿ, ಎರಡೂ ಮುಖಕ್ಕೆ ಪಕ್ಕದಲ್ಲಿ ಸಂಖ್ಯೆಯ ಚೀಟಿ ಇಟ್ಟು ಫೋಟೋ ತೆಗೆಯುತ್ತೇವೆ. ಮೂಲವನ್ನು ಮನೆಯಿಂದ ಹೊರಗೆ ಒಯ್ಯುವುದಿಲ್ಲ.

ಕಾಲ ಲೆಕ್ಕ ಹಾಕುವುದೂ ಒಂದು ವಿದ್ಯೆ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ: ಪುಣಿಸಮಯ್ಯನ ಶಾಸನದ ಶಕ 1039 ಎಂದರೆ 1117. ಕೊಲ್ಲಂ ವರ್ಷವಾದರೆ 824 ಅಥವಾ 825. ಸಂವತ್ಸರದ ಹೆಸರು ಮಾತ್ರ ಇದ್ದರೆ ಜಾಗ್ರತೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. 'ಪರಾಭವ' ಎಂದಷ್ಟೇ ಬರೆದ ಕಾಗದ 1906ರದ್ದೂ ಆಗಬಹುದು, 1966ರದ್ದೂ ಆಗಬಹುದು. ಛಾಪಾ ಕಾಗದವಾದರೆ ಮುದ್ರೆಯ ಮೇಲಿನ ಮುಖ ನೋಡಿ: ವಿಕ್ಟೋರಿಯಾ ಇದ್ದರೆ ಬಹುತೇಕ 1901ರ ಒಳಗಿನದು, ಎಡ್ವರ್ಡ್ ಇದ್ದರೆ 1910ರ ಆಸುಪಾಸಿನವರೆಗೆ, ಆಮೇಲೆ ಜಾರ್ಜ್ ದೊರೆಗಳು. ಹಿರಿಯರ ವಯಸ್ಸು ಕೇಳುವಾಗ ಇಸವಿ ಕೇಳಿ ಪ್ರಯೋಜನವಿಲ್ಲ. 'ತೊಂಬತ್ತೊಂಬತ್ತರ ನೆರೆ' ಎಂದು ಮಲಯಾಳಿಗಳು ಹೇಳುವುದು ಕೊಲ್ಲಂ 1099, ಅಂದರೆ 1924ರ ಮಳೆ. ಅದರ ಕತೆಯನ್ನು ಅಮ್ಮ ಹೇಳುತ್ತಿದ್ದಳೇ, ತಿರುವಿದಾಂಕೂರಿನಿಂದ ಕುಡಿಯೇಟ್ಟಕ್ಕೆ ಜನ ಬರತೊಡಗಿದಾಗ ನೀವು ಎಷ್ಟನೇ ಕ್ಲಾಸು, ಎಂದು ಕೇಳಿದರೆ ಲೆಕ್ಕ ಸಿಗುತ್ತದೆ.

ಕಚೇರಿಗಳು

ವಯನಾಡು 1956ರವರೆಗೆ ಮದ್ರಾಸಿನ ಮಲಬಾರ್ ಜಿಲ್ಲೆಯಲ್ಲಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಆದ್ದರಿಂದ ಹಳೆಯ ಕಂದಾಯ ಕಡತಗಳಿಗೆ ಕೋಳಿಕ್ಕೋಡಿನ ಪ್ರಾದೇಶಿಕ ಪತ್ರಾಗಾರ, ಮದ್ರಾಸು ಸರ್ಕಾರದ ಪತ್ರವ್ಯವಹಾರಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಗೂಡಲೂರು, ಪಂದಲೂರು ಕಡೆಯ ಆಗ್ನೇಯ ವಯನಾಡನ್ನು 1877ರಲ್ಲೇ ನೀಲಗಿರಿಗೆ ಸೇರಿಸಿದ್ದರಿಂದ ಅಲ್ಲಿನ ಮನೆತನದ ನಂಟರಿದ್ದರೆ ಕಡತವೂ ಆ ಕಡೆ ಹೋಗಿರುತ್ತದೆ. ಮೈಸೂರಿನ ಆಡಳಿತದ ಕಾಲಕ್ಕೆ ಮೈಸೂರಿನಲ್ಲೇ ಹುಡುಕಬೇಕು.

ಹೆಚ್ಚಿನವರು ನೋಡದ ಒಂದು ಮೂಲ ಹತ್ತಿರದಲ್ಲೇ ಇದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಆಗ ಲ್ಯಾಂಡ್ ಟ್ರಿಬ್ಯುನಲ್‌ಗಳ ಮುಂದೆ ಜನ್ಮಿ ಯಾರು, ಗೇಣಿದಾರ ಯಾರು, ಗದ್ದೆಯ ಹೆಸರೇನು, ಎಷ್ಟು ಕಾಲದಿಂದ ಉಳುತ್ತಿದ್ದಾರೆ ಎಂದೆಲ್ಲ ದಾಖಲಾಯಿತು. ಗದ್ದೆಯ ಹೆಸರುಗಳ ಪಟ್ಟಿ ಮಾಡಿನೋಡಿ. ಕನ್ನಡದ ಹೆಸರುಗಳು ಎಷ್ಟು, ಎಲ್ಲಿ ದಟ್ಟವಾಗಿವೆ ಎಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟರೆ ಹಳೆಯ ನೆಲೆಗಳ ಆಕಾರ ಕಾಣಬಹುದು. ಇಲ್ಲಿ ಒಂದು ಇರುಸುಮುರುಸಿನ ವಿಷಯವೂ ಉಂಟು. ಆ ಕಾಗದಗಳಲ್ಲಿ ಗೌಡರ್ ಮನೆತನಗಳು ಜಮೀನುದಾರರಾಗಿ ಬರುತ್ತವೆ. ಗದ್ದೆಯಲ್ಲಿ ದುಡಿದ ಪಣಿಯರು, ಅಡಿಯರು ಬರುವುದೇ ಅಪರೂಪ. ಸಣ್ಣ ಸಮುದಾಯದ ಚರಿತ್ರೆ ಬರೆಯುವವರು ತಮ್ಮವರು ಪಟ್ಟ ಕಷ್ಟವನ್ನು ಬರೆದು, ತಮ್ಮವರ ಗದ್ದೆಯಲ್ಲಿ ದುಡಿದವರನ್ನು ಬಿಟ್ಟುಬಿಡುವುದನ್ನು ನಾವು ಹಲವು ಸ್ಮರಣ ಸಂಚಿಕೆಗಳಲ್ಲಿ ನೋಡಿದ್ದೇವೆ. ಅವರನ್ನೂ ಕೇಳಬೇಕು. ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟ್ಟುನಾಯ್ಕರೂ ಅದೇ ಕಾಡಂಚಿನಲ್ಲಿದ್ದಾರೆ. ಗುಡಿಯ ದಾರಿ, ಹಳೆಯ ಕೆರೆ, ಬಿದ್ದ ಕಂಬ ಎಲ್ಲಿದೆ ಎಂದು ಅನೇಕ ಸಲ ಅವರಿಗೇ ಗೊತ್ತಿರುವುದು.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜಾರಿದಾಗ ನೂರಾರು ಜೀವ ಹೋಯಿತು. ಉಳಿದವರಲ್ಲಿ ಎಷ್ಟೋ ಮಂದಿಗೆ ತಾವು ಯಾರೆಂದು ತೋರಿಸಲು ಒಂದು ಕಾಗದವೂ ಇರಲಿಲ್ಲ. ಜೀವದ ಮುಂದೆ ಕಾಗದ ಏನೂ ಅಲ್ಲ, ನಿಜ. ಆದರೆ ಆ ಮೇಲೆ ನಮ್ಮ ಬಳಗದವರು ಒಂದು ನಿಯಮ ಮಾಡಿಕೊಂಡಿದ್ದೇವೆ: ಯಾವ ಮನೆಯಲ್ಲಿ ಏನು ಫೋಟೋ ತೆಗೆದರೂ ಮೂರು ಪ್ರತಿ. ಒಂದು ಆ ಮನೆಗೆ, ಒಂದು ಸಂಘದ ಕಪಾಟಿಗೆ, ಒಂದು ಘಟ್ಟದ ಮೇಲಿನ ಬೇರೆ ಊರಿಗೆ.

ಮಾತು ದಾಖಲಿಸುವವರಿಗೆ ಕೊನೆಯದಾಗಿ ಎರಡು ಸೂಚನೆ. ಹಿರಿಯರು ಮನೆಗನ್ನಡದಲ್ಲಿ ಮಾತಾಡುವಾಗ ಅದನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ, ಮಲಯಾಳ ಬೆರೆತರೆ ಬೆರೆಯಲಿ; ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡವೆಂದದ್ದನ್ನು ತೆಗೆಯಿರಿ. ಹಳೆಯ ಫೋಟೋ ಸಿಕ್ಕರೆ ಅದರಲ್ಲಿರುವವರ ಹೆಸರನ್ನು ಅಂದೇ, ಎಡದಿಂದ ಬಲಕ್ಕೆ, ಮೆದು ಪೆನ್ಸಿಲಿನಲ್ಲಿ ಹಿಂಬದಿಗೆ ಬರೆದುಬಿಡಿ. ಬಾಲ್ ಪೆನ್ನಿನ ಮಸಿ ಮುಂದಕ್ಕೆ ಇಳಿಯುತ್ತದೆ.